ಹಸನ ಮಾಡುವಾಗ

ಈ ಜೋಳ ಒಂದು ಹೊಲದ್ದಲ್ಲ.
ಮೊರದಾಗ ಸುರುವಿದ ದಿನಾನೇ ಕಣ್ಣಿಗಿ ಬಿತ್ತು:
ಮಾಲದಂಡಿ ಅದ, ಹಲ್ಲಿನಂಥ ಬಿಳಿ ಕಾಳು,
ನಡುನಡುವ ರೇಷನ್ನಿನ ಸಣ್ಣ ಹೈಬ್ರೀಡು,
ನಾಕೆಂಟು ಕುಸುಬಿ, ಒಂದು ತೊಗರಿ,
ಮತ್ತ ಅಂಗಿಯದೊಂದು ನೀಲಿ ಗುಂಡಿ,
ದಾರ ಇನ್ನೂ ಅದಕ್ಕ ಹಂಗೇ ಜೋತಿತ್ತು.

ಭೀಮಾ ಬಂದಾಕಿ ಕದ ಬಡೀಲಿಲ್ಲ.
ಸೊನ್ನದಾಗ ಗೇಟ ತೆಗದಾರಂತ ಡಂಗುರ ಸಾರೂದ್ರಾಗ
ಒಲಿ ಮ್ಯಾಲಿನ ಬ್ಯಾಳಿ ಗಡಿಗಿ ತೇಲಿ
ಹೊಸ್ತಿಲ ದಾಟಿ ಹೊಂಟಿತ್ತು, ಮುಚ್ಚಳ ಸೈತ,
ಯಾರದೋ ಮದುವಿಗಿ ಹೊಂಟಾಂಗ.
ನಗಿ ಬಂತು ನನಗ. ಖರೆ ಹೇಳತೀನಿ, ನಗಿ ಬಂತು.
ಅಳು ಆಮ್ಯಾಲೆ, ಸಾಲಿ ಖೋಲಿಯಾಗ,
ಮಗ್ಗಿ ಬರದ ಗೋಡಿ ಕೆಳಗ
ಇಪ್ಪತ್ತೆಂಟು ಮಂದಿ ಒಂದೇ ಮಗ್ಗಲಾಗಿ ಮಲಗಿದಾಗ.

ತಲಾಟಿ ಬಂದ, ಬಿದ್ದ ಗೋಡಿ ಎಣಿಸಿದ.
ಹಸಿಯಾಗಿ ನಿಂತ ಗೋಡಿಗಿ
ಕಾಗದದಾಗ ಜಾಗಾ ಇಲ್ಲಂದ. ಅವನ ತಪ್ಪಲ್ಲ.

ಐದನೇ ದಿನ ಕಟ್ಟಿಸಂಗಾವಿ ಪೂಲು ತೆರೀತು.
ಬೀದರಿನಿಂದ ಒಂದು ಟೆಂಪೊ.
ಇಳದಾಂವ ಜೈವಂತ ಪಾಸ್ಟರ,
ಪ್ಯಾಂಟ ಮೊಣಕಾಲತನಾ ಮಡಚಿ, ಕೈಯಾಗ ವಹಿ ಹಿಡದು.
"ಮನ್ಯಾಗ ಎಷ್ಟು ಮಂದಿ ಯವ್ವಾ?"
ಅಡ್ಡಹೆಸರು ಕೇಳತಾನಂತ ತಯಾರಾಗಿ ನಿಂತಿದ್ದೆ.
ಕೇಳಲಿಲ್ಲ.
"ಐದು" ಅಂದೆ.
ಕಂಡದ್ದು ನಾಕು ತಲಿ:
ನಾನು, ಮಗ, ಸೊಸಿ ಮಹಾನಂದಾ, ಕಾಲು ಸರಿ ಇಲ್ಲದ ಮೈದುನ.
ಐದನೇದು ಸೊಸಿ ಹೊಟ್ಟಿಯಾಗ, ಏಳು ತಿಂಗಳದ್ದು.
ಆತ ಆಕಿ ಕಡೆ ನೋಡಿದ, ಕಣ್ಣು ತಗ್ಗಿಸಿದ,
ಐದು ಅಂತ ಬರಕೊಂಡ.
ಐದು ಚಾದರ. ಐದು ಮಂದಿಯ ಜೋಳ.
ಇನ್ನೂ ಹುಟ್ಟದ ಕೂಸಿನ ಪಾಲಿಗಿ
ಹೆಬ್ಬಟ್ಟು ಒತ್ತಿದಾಕಿ ನಾನು.

ಟೆಂಪೊದಾಗ ಒಬ್ಬ ಮುದುಕಿ ಬಂದಿದ್ದಳು, ತುಳಜಮ್ಮ.
ಬೀದರ ದವಾಖಾನಿಯಾಗ ನೆಲ ಒರಸಾಕಿ.
ಚೀಲ ಇಳಿಸುತ್ತ ಆಕೀನೇ ಹೇಳಿದಳು:
ಒಲಿ ಹಚ್ಚೂ ಮದಲ ಒಂದು ಹಿಡಿ ಡಬ್ಬಿಗಿ,
ರವಿವಾರ ಡಬ್ಬಿ ಚರ್ಚಿಗಿ.
ವರ್ಷಕ್ಕೊಮ್ಮಿ ಮಾರಿ ರೊಕ್ಕ ಮಾಡತಿದ್ದಿವಿ.
ಈ ಸಲ ಮಾರಲಿಲ್ಲ. ಹಂಗೇ ತಂದಿವಿ.
ಚಾದರ ಮಾತ್ರ ಕಾಣಿಕಿ ರೊಕ್ಕದ್ದು,
ಬಣ್ಣ ಜರಾ ಹೋದೀತು, ಮದಲ ಬ್ಯಾರೆ ಒಗೀರಿ.

ಆಕಿ ನೀರು ಕೇಳಿದಳು. ಕೊಟ್ಟೆ.
ಲೋಟ ನಮ್ಮದಲ್ಲ, ಸಾಲೀದು.
ನಮ್ಮತ್ತಿ ಆಕಿಯಂಥವರ ಓಣಿ ಗಾಳಿಗೂ ಕಿಡಕಿ ಹಾಕತಿದ್ದಳು.
ನಾನೂ ಹಾಕೀನಿ.
ನಮ್ಮನಿ ಲೋಟ ಇದ್ದಿದ್ರ ಆವತ್ತು ಏನು ಮಾಡತಿದ್ದೆ?
ಲೋಟದ ಕೂಡ ಆ ಉತ್ತರಾನೂ ಭೀಮಾ ಒಯ್ದಾಳ.
ಬಾಳ ಕೆದಕಬ್ಯಾಡ್ರಿ.

ಉಪಕಾರ ಅನ್ನೂ ಶಬ್ದ ಬಾಯಿ ತುದಿಗಿ ಬಂದಿತ್ತು,
ಅಷ್ಟರಾಗ ಟೆಂಪೊ ಚಾಲೂ ಆತು.
ಮುದುಕಿ ಚೀಲದ ಮ್ಯಾಲೆ ಕುಂತು,
ಕಸ ಝಾಡಿಸಿಕೊಂಡಾಂಗ ಕೈ ಬೀಸಿದಳು.
ನಾನು ಬೀಸಿದೆನೋ ಇಲ್ಲೋ ನೆನಪಿಲ್ಲ.
ಕೈತುಂಬ ಚಾದರ ಇದ್ದವು.

ಅಂದಿನಿಂದ ಹಸನ ಮಾಡೂವಾಗ
ಕಲ್ಲು ತೆಗೀತೀನಿ, ಹೊಟ್ಟು ಊದತೀನಿ.
ಕಾಳಿನಿಂದ ಕಾಳು ಬ್ಯಾರೆ ಮಾಡಂಗಿಲ್ಲ.
ಈ ಹಿಡಿ ಯಾರ ಮನೀದು,
ಅವತ್ತು ಅವರು ಉಂಡಿದ್ರೋ ಇಲ್ಲೋ,
ಯಾವ ಹುಡುಗ ಗುಂಡಿ ಇಲ್ಲದ ಅಂಗಿಲೆ ಸಾಲಿಗಿ ಹೋಗಿ
ಮಾಸ್ತರನ ಕೈಲೆ ಬೈಸಿಕೊಂಡನೋ.
ಬೀಸೂ ಕಲ್ಲಿಗಿ ಅದೆಲ್ಲ ಗೊತ್ತಾಗಂಗಿಲ್ಲ.
ರೊಟ್ಟಿ ಮಾತ್ರ ಒಂದೊಂದು ದಿನ ಒಂದೊಂದು ಬಣ್ಣ.

ಇವತ್ತಿಂದು ಕಡೀ ಮೊರ.
ಚೀಲ ಝಾಡಿಸಿ ಮಡಚಿ ಇಟ್ಟೀನಿ, ಒಗದಿಲ್ಲ.
ಮಹಾನಂದಾ ಆ ನೀಲಿ ಗುಂಡಿ
ಕೂಸಿನ ಕುಲಾವಿಗಿ ಹೊಲದಾಳ.
ಐದನೇದು ಈಗ ಕುಲಾವಿ ಕಿತ್ತು
ಗುಂಡಿ ಬಾಯಾಗ ಹಾಕ್ಕೊಂತದ.
ಬಿಡಸತೀನಿ.
ಮತ್ತ ಹಾಕ್ಕೊಂತದ.