ಒಂದು ರಾತ್ರಿಯ ರಸೀದಿ

ರಾಪಿಡ್ ಸಿಟಿಯ ಕೌಂಟರಿನಲ್ಲಿ ಹುಡುಗ ಕೇಳಿದ್ದು ಇಷ್ಟೇ:
ಈ ರಾಜ್ಯದಲ್ಲಿ ಒಂದು ರಾತ್ರಿ ಮಲಗಿದ್ದಕ್ಕೆ ಪುರಾವೆ.
ಕೊಟ್ಟೆ.
ಕ್ಯಾಂಪ್‌ಗ್ರೌಂಡಿನ ಚೀಟಿ, ಜಾಗ ಹದಿನೇಳು,
ನೀರು ಕರೆಂಟು ಸೇರಿ ನಲವತ್ತೆರಡು ಡಾಲರು,
ಮೂಲೆಯಲ್ಲಿ ಕಾಫಿ ಲೋಟದ ಉಂಗುರ.
ಅದರ ಮೇಲೆಯೇ ಮುದ್ರೆ ಒತ್ತಿದ.
ಅರವತ್ತೆಂಟರಲ್ಲಿ ಸೌತ್ ಡಕೋಟದವಳಾದೆ.
ಮದುವೆಯಾಗುವುದಕ್ಕೂ ಇದಕ್ಕಿಂತ ಹೆಚ್ಚು ಹೊತ್ತು ಹಿಡಿದಿತ್ತು.

ಆ ರಾತ್ರಿ ಆಲಿಕಲ್ಲು, ತಗಡಿನ ಚಾವಣಿ,
ನಿದ್ದೆ ಬರಲಿಲ್ಲ. ಅದನ್ನು ಅವನು ಕೇಳಲಿಲ್ಲ.

ಈಗ ನನ್ನ ವಿಳಾಸ ಅಂಗೈ ಅಗಲದ ಕಬ್ಬಿಣದ ಗೂಡು.
ಅದೇ ಗೋಡೆಯಲ್ಲಿ ಸಾವಿರಾರು ಜನ ವಾಸವಾಗಿದ್ದಾರೆ,
ಒಬ್ಬರ ಗೊರಕೆ ಇನ್ನೊಬ್ಬರಿಗೆ ಕೇಳಿದ್ದಿಲ್ಲ.
ಬುಧವಾರಕ್ಕೊಮ್ಮೆ ಗ್ಲೆಂಡಾ ಎಂಬಾಕೆ
ನಮ್ಮ ಕಾಗದಗಳನ್ನೆಲ್ಲ ಗೂಡಿನಿಂದ ತೆಗೆದು
ನಾವು ಇರುವಲ್ಲಿಗೆ ಅಟ್ಟುತ್ತಾಳೆ.

ಹಾಗೆ ಬಂತು ಅರಿಜೋನದ ಮರಳಿಗೆ,
ಮಿನೆಸೋಟ ತೆರಿಗೆ ಇಲಾಖೆಯ ದಪ್ಪ ಲಕೋಟೆ.
ಶ್ರೀಮತಿ ಆರ್ಡಿಸ್ ಹೋವ್ಲಂಡ್ ಅವರೇ,
ತಾವು ನಿಜವಾಗಿಯೂ ನಮ್ಮನ್ನು ಬಿಟ್ಟು ಹೋಗಿದ್ದೀರಾ?
ಇಪ್ಪತ್ತಾರು ಪ್ರಶ್ನೆ. ಸುತ್ತಿ ಬಳಸಿ ಎಲ್ಲವೂ ಒಂದೇ:
ನಿಮ್ಮೂರು ಯಾವುದು?

ಹಲ್ಲಿನ ಡಾಕ್ಟರು ಎಲ್ಲಿಯವರು?
ಡುಲೂತ್. ನಲವತ್ತು ವರ್ಷದಿಂದ ನನ್ನ ಬಾಯಿ ಬಲ್ಲ ಒಬ್ಬನೇ ಮನುಷ್ಯ.
ನಾಯಿಗೆ ಲಸಿಕೆ?
ಯೂಮಾ. ಸ್ವೆನ್‌ಗೆ ರಾಜ್ಯವಿಲ್ಲ ಸಾರ್, ಸೀಟಿದೆ,
ಡ್ರೈವರಿನ ಪಕ್ಕದ್ದು. ಮೊದಲು ಅಲ್ಲಿ ವರ್ಲಿನ್ ಕೂರುತ್ತಿದ್ದ,
ನಕ್ಷೆಯನ್ನು ತಲೆಕೆಳಗೆ ಹಿಡಿದುಕೊಂಡು.
ಮನೆಯ ಆಲ್ಬಮ್ಮುಗಳು, ಬೆಲೆ ಕಟ್ಟಲಾಗದ ವಸ್ತುಗಳು?
ಮಂಚದಡಿ, ಎಣ್ಣೆ ಡಬ್ಬ ಮತ್ತು ಕಕ್ಕಸಿನ ಕೊಳವೆಯ ಮಧ್ಯೆ.
ಕಳೆದ ವರ್ಷ ಮಿನೆಸೋಟದಲ್ಲಿ ಕಳೆದ ದಿನಗಳೆಷ್ಟು?

ಬೂಟಿನ ಪೆಟ್ಟಿಗೆ ಸುರುವಿಕೊಂಡು ಕೂತೆ.
ಪೆಟ್ರೋಲಿನ ಚೀಟಿ, ಕಿರಾಣಿಯ ಚೀಟಿ, ಸೇತುವೆಯ ಸುಂಕ,
ನೂರಾ ಎಪ್ಪತ್ತೊಂದು ದಿನ.
ಅದರಲ್ಲಿ ಹತ್ತೊಂಬತ್ತು ಆಸ್ಪತ್ರೆಯ ಕಾರಿಡಾರಿನಲ್ಲಿ,
ಪ್ಲಾಸ್ಟಿಕ್ ಕುರ್ಚಿ, ಚಹಾದ ಯಂತ್ರ, ವರ್ಲಿನ್‌ನ ಚಪ್ಪಲಿ ಚೀಲದಲ್ಲಿ.
ಅವನ್ನೂ ವಾಸ ಎನ್ನುವುದಾದರೆ ಬರೆದುಕೊಳ್ಳಿ.

ವಯಸ್ಸಾದವರಿಗೆ ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ ಅಂತ ಮಾತು.
ನನಗೆ ಊರೇ ಬಾ ಅನ್ನುತ್ತಿದೆ,
ಬಡ್ಡಿ ಸಮೇತ.

ಇಪ್ಪತ್ತೆರಡನೆಯದು:
ಆ ರಾಜ್ಯದಲ್ಲಿ ತಮ್ಮ ಹೆಸರಿನಲ್ಲಿ ಜಮೀನಿದೆಯೇ?
ಇಲ್ಲ ಎಂದು ಬರೆದೆ. ಮನೆ ಮಾರಿದ್ದೇನೆ,
ಒಲೆಯ ಪಕ್ಕ ಮಕ್ಕಳ ಎತ್ತರ ಗುರುತು ಹಾಕಿದ ಬಾಗಿಲ ಪಟ್ಟಿ ಸಮೇತ.
ಬರೆದು ಶಾಯಿ ಆರುವಷ್ಟರಲ್ಲಿ ನೆನಪಾಯಿತು:
ಸರೋವರ ಕಾಣುವ ಗುಡ್ಡ, ಬರ್ಚ್ ಮರದ ಕೆಳಗೆ
ಮೂರಡಿಗೆ ಎಂಟಡಿ. ಕಂದಾಯವಿಲ್ಲದ ನೆಲ.
ಕಲ್ಲಿನ ಎಡಭಾಗ ಅವನದು, ತುಂಬಿದೆ.
ಬಲಭಾಗದಲ್ಲಿ ನನ್ನ ಹೆಸರು, ಹುಟ್ಟಿದ ವರ್ಷ,
ಒಂದು ಸಣ್ಣ ಅಡ್ಡಗೆರೆ,
ಆಮೇಲೆ ನುಣ್ಣಗೆ ಖಾಲಿ.
ಒಟ್ಟಿಗೆ ಕೆತ್ತಿಸಿದರೆ ಅಗ್ಗ ಅಂದಿದ್ದ ಕಲ್ಲಿನವನು.

ಇಲ್ಲ ಎಂಬುದನ್ನು ಹೊಡೆದುಹಾಕಿದೆ.
ಮುಂದಿನದು, ಮರಳಿ ಬರುವ ಉದ್ದೇಶವಿದೆಯೇ:
ಹೌದು. ದಿನಾಂಕ ಗೊತ್ತಿಲ್ಲ.

ಇದಕ್ಕೆ ಎಷ್ಟು ತೆರಿಗೆಯೋ, ಅವರೇ ಲೆಕ್ಕ ಹಾಕಲಿ.
ಮೇಜನ್ನು ಮಡಚಿದರೆ ತಾನೆ ನನ್ನ ಹಾಸಿಗೆ,
ಉಳಿದ ಮೂರು ಪ್ರಶ್ನೆ ನಾಳೆಗೆ.
ನಾಳೆ ಎಂದರೆ, ಇಲ್ಲಿಗೆ ಹದಿನಾಲ್ಕು ದಿನವಾಯಿತು,
ರೇಂಜರ್ ಬರುವ ಮೊದಲು ಇಲ್ಲಿಂದಲೂ ಏಳಬೇಕು.
ಸ್ವೆನ್ ಆಗಲೇ ಸೀಟಿನಲ್ಲಿದ್ದಾನೆ.