ಹನ್ನೆರಡನೆಯ ನಿಲ್ದಾಣ

ವಿಧಾನಸೌಧದಲ್ಲಿ ನೇರಳೆ ಮೆಟ್ರೊ ಹತ್ತಿದರೆ
ಹನ್ನೆರಡನೆಯದು ಜ್ಞಾನಭಾರತಿ.
ಹತ್ತುವಲ್ಲಿ, ಹತ್ತಿರದಲ್ಲೇ, ಮಾಹಿತಿ ಸೌಧ;
ಇಳಿಯುವಲ್ಲಿ ಜ್ಞಾನ. ನಡುವೆ ಮೆಜೆಸ್ಟಿಕ್ಕಿನ ನೂಕುನುಗ್ಗಲು.
ನನ್ನ ಪ್ರಬಂಧ ಇಷ್ಟರಲ್ಲೇ ಮುಗಿಯಬಹುದಿತ್ತು.
ಫರೀದಾ ಮೇಡಂ ಒಪ್ಪಲಿಲ್ಲ. ‘ಎಣಿಸು’ ಅಂದರು.

ಎಣಿಸಿದೆ.
ಮಾಹಿತಿ ನಿರ್ವಹಣೆಗೆ ನೀಲಿ, ಜ್ಞಾನ ನಿರ್ವಹಣೆಗೆ ಕೆಂಪು,
ಮೂವತ್ತು ವರ್ಷದ ಲೇಖನಗಳು, ವರ್ಷಕ್ಕೊಂದು ಚುಕ್ಕೆ.
ಎರಡೂ ಪದ ಹೊತ್ತು ಬಂದವನ್ನು ಏನು ಮಾಡಲಿ?
ಅತ್ತ ಹಾಕಿದರೆ ಇತ್ತ ಕಡಿಮೆ,
ಅರ್ಧರ್ಧ ಕೊಯ್ದರೆ ಚುಕ್ಕೆ ಗಾಳಿಯಲ್ಲಿ.
ಒಬ್ಬನಂತೂ ಶೀರ್ಷಿಕೆಯಲ್ಲಿ ಜ್ಞಾನ ಅಂದು
ಒಳಗೆ ಇಪ್ಪತ್ತು ಪುಟ ಕಡತಗಳನ್ನೇ ಜೋಡಿಸಿದ್ದ.
ಅವನನ್ನೂ ಕೆಂಪಿಗೇ ಹಾಕಿದೆ. ಎಣಿಕೆಗೆ ಓದು ಬರುವುದಿಲ್ಲ.

ಗ್ರಾಫಿನ ನಡುವೆ ನೀಲಿ ಥಟ್ಟನೆ ಕುಸಿಯಿತು,
ಅದೇ ವರ್ಷ ಕೆಂಪು ಜಿಗಿಯಿತು.
‘ಯುಗಪಲ್ಲಟ’ ಎಂದು ಬರೆದೆ.
ಚೆನ್ನಾಗಿತ್ತು ಪದ. ಅಡಿಗೆರೆ ಕೂಡ ಎಳೆದೆ.

ಸಂಜೆ ಆರು. ಫ್ಯಾನು ಆರಿಸುತ್ತ ಬಂದ ಮರಿಗಂಗಯ್ಯ
(ಬೈಂಡಿಂಗ್ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ,
ಉಗುರ ಸಂದಿಯಲ್ಲಿ ಒಣಗಿದ ಮೈದಾ ಅಂಟು)
ಪರದೆಗೆ ಬಗ್ಗಿ ಬೆರಳಿಟ್ಟರು, ಸರಿಯಾಗಿ ಆ ಹಳ್ಳದಲ್ಲೇ.
‘ಇದು ಯಾವ ಇಸವಿ?’
ಹೇಳಿದೆ.
‘ಆ ವರ್ಷ ಯಾವುದೂ ನಿಲ್ಲಲಿಲ್ಲ ಕಣಮ್ಮ.
ಅದೇ ಪತ್ರಿಕೆ, ಅದೇ ದಪ್ಪ, ಅದೇ ಸಂಪಾದಕರು,
ಬೆನ್ನಿನ ಮೇಲೆ ಹೆಸರು ಬದಲಾಯ್ತು ಅಷ್ಟೆ.
ಚಿನ್ನದ ಅಕ್ಷರಕ್ಕೆ ಹೊಸ ಅಚ್ಚು ಮಾಡಿಸಿದೆ,
ಆ ಬಿಲ್ಲಿಗೆ ಅಕೌಂಟ್ಸಿನವರು ಮೂರು ತಿಂಗಳು ಅಲೆಸಿದರು.’

ಕಪಾಟು ತೆರೆದು ತೋರಿಸಿದರು:
ಹಸಿರು ರೆಕ್ಸಿನ್ನಿನ ಒಂದೇ ಸಾಲು,
ನಡುವಿಂದ ಬೇರೆ ಅಕ್ಷರ,
ಮದುವೆಯಾದ ಮೇಲೆ ಇನಿಶಿಯಲ್ ಬದಲಿಸಿಕೊಂಡ ಹಾಗೆ.

ಪಲ್ಲಟ ಅಳಿಸಿದೆ.
ಅಡಿಟಿಪ್ಪಣಿ ಬರೆದೆ: ‘ಮಾಹಿತಿ: ಮರಿಗಂಗಯ್ಯ, ಬೈಂಡರ್.’
ಮಾಹಿತಿಯೋ?
ಕರ್ಸರು ಮಿಟುಕುತ್ತಲೇ ಇತ್ತು.

ಪರಿಶೀಲಕರ ಪತ್ರ ಮೊನ್ನೆ ಬಂತು:
ಈ ಆಕರ ಯಾವ ದತ್ತಸಂಚಯದಲ್ಲೂ ಸಿಗುತ್ತಿಲ್ಲ,
ದಯವಿಟ್ಟು ಕೊಂಡಿ ಒದಗಿಸಿ.

ಒದಗಿಸಿದ್ದೇನೆ.
ಜ್ಞಾನಭಾರತಿಯಲ್ಲಿ ಇಳಿಯಿರಿ, ಗ್ರಂಥಾಲಯ ಕೇಳಿ,
ಹಿಂಬಾಗಿಲು, ಎಡಕ್ಕೆ, ಅಂಟಿನ ವಾಸನೆ ಬರುವ ಕೋಣೆ.
ಸಂಜೆ ಆರರೊಳಗೆ ಬನ್ನಿ.
ಮಾರ್ಚ್ ಮೂವತ್ತೊಂದಕ್ಕೆ ಅವರ ನಿವೃತ್ತಿ;
ಆಮೇಲೆ ಕೊಂಡಿ ತೆರೆದುಕೊಳ್ಳುವ ಖಾತ್ರಿ ಇಲ್ಲ.