ಹದಿನೇಳನೇ ಜಾಡಿ

ಬನ್ನಿ ಬನ್ನಿ, ಸಾಲಾಗಿ ಬನ್ನಿ.
ಹಾಸನಾಂಬೆ ಬಾಗಿಲ ಹಾಗೆ ನಮ್ಮದೂ
ಊರವರಿಗೆ ತೆರೆಯೋದು ವರ್ಷಕ್ಕೊಂದೇ ಸಲ.
ಅಲ್ಲಿ ಹಚ್ಚಿಟ್ಟ ದೀಪ ಆರಿರಲ್ಲ ಅಂತಾರೆ,
ಇಲ್ಲಿ ಇಟ್ಟದ್ದು ಕೊಳೆತಿರಲ್ಲ.

ಇದು ಕಾಲೇಜಿನ ಹಳೇ ಕಟ್ಟಡ. ಕಲ್ಲಿನದು.
ಅಡಿಗಲ್ಲಿಟ್ಟವರ ಹೆಸರನ್ನ
ಪಾಚಿ ಓದಿ ಮುಗಿಸಿದೆ.
ಮೆಟ್ಟಿಲು ನೋಡ್ಕೊಂಡು ಹತ್ತಿ, ನಡುವೆ ಸವೆದು ದೋಣಿಯಾಗಿದೆ:
ಓಡಿ ಹತ್ತಿದ ಹುಡುಗರು,
ಮೆಲ್ಲಗೆ ಇಳಿದ ಡಾಕ್ಟರುಗಳು.

ಈ ಬೆಂಚಿನ ಮೇಲೆ ಯಾರೋ
ಕೈವಾರದಲ್ಲಿ ಹೃದಯ ಕೊರೆದಿದ್ದಾನೆ.
ನಾಲ್ಕೂ ಕೋಣೆ ಸರಿಯಾಗಿವೆ,
ಹುಡುಗಿ ಹೆಸರಿನ ಕಾಗುಣಿತ ತಪ್ಪು.

ಇವನನ್ನ ಭಾವಯ್ಯ ಅಂತೀವಿ. ಹೆದರಬೇಡ ಮಗು,
ಮೂಳೆ ಅಷ್ಟೇ.
ಎಡಗಾಲ ಕೆಳಭಾಗ ಬೇರೆ ಯಾರದೋ, ಬದಲಿಸಿದ್ದೀವಿ;
ಆದರೂ ಒಂದು ದಿನ ಕುಂಟಿದವನಲ್ಲ.

ಮುಟ್ಟಬೇಡಿ, ಗಾಜು ಹಳೇದು.
ಇದು ಬೀಡಿ ಸೇದಿದವರ ಶ್ವಾಸಕೋಶ.
ಇದು ಒಂದು ಮಗು ನುಂಗಿದ ಐದು ಪೈಸೆ.
ಪೈಸೆ ಈಗ ಚಲಾವಣೆಯಲ್ಲಿಲ್ಲ. ಮಗು ಇದೆ,
ಬಸ್ ಸ್ಟ್ಯಾಂಡ್ ಹತ್ತಿರ ಬಾಳೆಹಣ್ಣು ಮಾರ್ತಾನೆ.

ಹದಿನೇಳು.
ಇಲ್ಲಿ ಸ್ವಲ್ಪ ನಿಲ್ತೀನಿ, ಮಂಡಿ ನೋವು.

ಗರ್ಭಕೋಶ. ಒಳಗಿರೋದು ಗಡ್ಡೆ.
ಜಲಂಧರದಿಂದ ಲಾರೀಲಿ ಬರುತ್ತಲ್ಲ,
ಬಿತ್ತನೆ ಆಲೂಗಡ್ಡೆ, ಅಷ್ಟು ಗಾತ್ರ.
ಚೀಟಿಯಲ್ಲಿ ಇಷ್ಟೇ: ಸ್ತ್ರೀ, ೩೮ ವರ್ಷ.
ಹೆಸರು ಬರೆಯೋ ಪದ್ಧತಿ ಇಲ್ಲ.

ಹೆಸರು ಸಾಕಮ್ಮ.
ನಾಲ್ಕನೆಯದೂ ಹೆಣ್ಣಾದಾಗ ಅವರಪ್ಪ
ದೇವರಿಗೆ ಕೊಟ್ಟ ನೋಟೀಸು.
ದೇವರು ಓದಲಿಲ್ಲ, ಐದನೆಯವಳೂ ಬಂದಳು.

ಆಪರೇಷನ್ನಿಗೆ ಸಹಿ ಹಾಕಿದವನು ನಾನೇ.
ವಾರ ಕಳೆದು ಡ್ಯೂಟಿಗೆ ಬಂದೆ;
ಹಳೇ ಹದಿನೇಳು ಒಡೆದು ಜಾಗ ಖಾಲಿ ಇತ್ತು.
'ಮರೀಗೌಡ, ಇದನ್ನ ಅಲ್ಲಿಡು' ಅಂದರು ಪ್ರೊಫೆಸರು.
ಯಾರದು ಅಂತ ಅವರು ಹೇಳಲಿಲ್ಲ,
ನಾನೂ ಕೇಳಲಿಲ್ಲ.
ರಿಜಿಸ್ಟರಿನಲ್ಲಿ ತಾರೀಖಿತ್ತು.

ಹನ್ನೆರಡು ವರ್ಷ ಧೂಳು ಒರೆಸಿದೆ,
ಮನೇಲಿ ಬಾಯಿ ಬಿಡಲಿಲ್ಲ.
ಮಧ್ಯಾಹ್ನ ಅವಳು ಕಟ್ಟಿಕೊಟ್ಟ ಬುತ್ತಿ ಬಿಚ್ಚುವಾಗ ಮಾತ್ರ
ಕಪಾಟಿಗೆ ಬೆನ್ನು ಹಾಕಿ ಕೂರ್ತಿದ್ದೆ.

ಹೋದ ವರ್ಷ ಇದೇ ದಿನ
ಶಾಂತಿಗ್ರಾಮದ ಸಂಘದ ಹೆಂಗಸರ ಸಾಲಲ್ಲಿ ಅವಳು!
ನನಗೊಂದು ಮಾತು ಹೇಳದೆ,
ಗೌರಿ ಹಬ್ಬದ ಸೀರೆ ಉಟ್ಟು, ವಾಸನೆಗೆ ಮೂಗಿಗೆ ಸೆರಗು.
ನಾನು ಹದಿನಾರು ಹೇಳಿ
ಹದಿನೆಂಟಕ್ಕೆ ಹಾರಿದೆ.
'ನಡುವಿಂದು ಯಾಕೆ ಬಿಟ್ರಿ?'
ತರಕಾರಿ ತೂಕದಲ್ಲಿ ಮೋಸ ಹಿಡಿಯೋ ದನಿ ಅದು.

ಹೇಳಿದೆ. ಕಿವಿಯಲ್ಲಿ.

ಬಗ್ಗಿದಳು. ಗಾಜಿಗೆ ಅವಳ ಉಸಿರು ಮಂಜು ಕಟ್ಟಿತು,
ಸೆರಗಲ್ಲಿ ಒರೆಸಿ ಮತ್ತೆ ನೋಡಿದಳು.
'ಇಷ್ಟಗಲದ ಮನೇಲಾ ಮೂರು ಮಕ್ಕಳಿದ್ದದ್ದು?
ಒಬ್ಬರು ಖಾಲಿ ಮಾಡಿದ ಮೇಲೆ ಒಬ್ಬರು,
ಒಂದು ದಿನ ಬಾಡಿಗೆ ಕೊಟ್ಟವರಲ್ಲ.'
ನಗ್ತಿದ್ದಳೋ ಏನೋ, ಸೆರಗು ಅಡ್ಡ ಇತ್ತು.

ಆಮೇಲೆ ಚೀಟಿ ಓದಿದಳು.
'ಮೂವತ್ತೆಂಟಲ್ಲ ಕಣ್ರೀ, ನನಗಾಗ ನಲವತ್ತೊಂದು.
ಸರಿ ಮಾಡಿಸಿ.
ನೋಡಿ ಕಲಿಯೋ ಮಕ್ಕಳು, ತಪ್ಪು ಕಲೀಬಾರದು.'

ಅರ್ಜಿ ಕೊಟ್ಟಿದ್ದೀನಿ. ಮೇಲಿಂದ ಬರಬೇಕಂತೆ.
ನನ್ನ ನಿವೃತ್ತಿ ಮೊದಲೋ ಅದು ಮೊದಲೋ.
ಅಲ್ಲೀವರೆಗೆ ಬಾಯಲ್ಲೇ ಹೇಳ್ತೀನಿ:
ನಲವತ್ತೊಂದು. ಬರ್ಕೊಳ್ಳಿ.

ಹದಿನೆಂಟನೇದು ಗುಲ್ಮ.
ಸಾಲು ಬಿಡಬೇಡಿ.